ಮೇಲೊಂದು ದಾರಿ, ಕೆಳಗೊಂದು ದಾರಿ: ಹೊಸೂರು ರಸ್ತೆಯ ಟೋಲ್ ಮೇಲ್ಸೇತುವೆ

ಸಭೆಯಲ್ಲಿರುವ ಹಿರಿಯರಿಗೂ ಕಿರಿಯ ಎಂಜಿನಿಯರ್ ಮಿತ್ರರಿಗೂ ನಮಸ್ಕಾರ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಸುಂಕದಕಟ್ಟೆ ತನ್ನ ಹೆಸರಿನಲ್ಲೇ ಆ ಹಳೆಯ ಪದ್ಧತಿಯನ್ನು ಉಳಿಸಿಕೊಂಡಿದೆ. ಆದರೆ ಹಿಂದಿನ ಸುಂಕ ಬೀಳುತ್ತಿದ್ದುದು ಸರಕಿನ ಮೇಲೆ. ಹೇರಿನಲ್ಲಿ ಅಡಿಕೆ ಇದೆಯೋ ಮೆಣಸಿದೆಯೋ ಎಂಬುದನ್ನು ನೋಡಿ ಲೆಕ್ಕ ಹಾಕಲಾಗುತ್ತಿತ್ತು. ಇಂದಿನ ಟೋಲ್ ಸಂಗ್ರಹಕ್ಕೆ ವಾಹನದೊಳಗೆ ಏನಿದೆ ಎಂಬುದು ಬೇಕಿಲ್ಲ, ವಾಹನದ ವರ್ಗ ಯಾವುದು, ಆಕ್ಸಲ್ (ಗಾಲಿಗಳ ಅಚ್ಚು) ಎಷ್ಟು ಎಂಬುದಷ್ಟೇ ಬೇಕು. ಅದರಲ್ಲೂ ನಗರದೊಳಗಿನ ಟೋಲ್ ಮೇಲ್ಸೇತುವೆ ವಿಚಿತ್ರವಾದ ವ್ಯಾಪಾರ. ಅದೇ ಊರಿಗೆ, ಅದೇ ದಿಕ್ಕಿಗೆ ಕೆಳಗೆ ಇನ್ನೊಂದು ರಸ್ತೆ ಇದ್ದೇ ಇರುತ್ತದೆ. ಮೇಲೆ ಹೋಗುವವನು ಹಣ ಕೊಡುವುದು ದಾರಿಗಲ್ಲ, ಉಳಿಯುವ ಸಮಯಕ್ಕೆ. ಈ ಸಮಯ ನಿಜವಾಗಿ ಎಲ್ಲಿ ಉಳಿಯುತ್ತದೆ, ಎಲ್ಲಿ ಮತ್ತೆ ಸೋರಿಹೋಗುತ್ತದೆ ಎಂಬುದನ್ನು ನಮ್ಮದೇ ಹೊಸೂರು ರಸ್ತೆಯ ಮೇಲ್ಸೇತುವೆಯನ್ನು ಇಟ್ಟುಕೊಂಡು ನೋಡೋಣ.

ಎಲೆಕ್ಟ್ರಾನಿಕ್ಸ್ ಸಿಟಿ 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಜಮೀನಿನಲ್ಲಿ ರೂಪಿಸಿದ ಕೈಗಾರಿಕಾ ಬಡಾವಣೆ. ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗ ಅವರು ಅದರ ಕನಸು ಕಂಡಾಗ ಆ ಜಾಗ ಊರಿನಿಂದ ಎಷ್ಟು ದೂರವಿತ್ತೆಂದರೆ ಅಲ್ಲಿಗೆ ಹೋಗಿಬರುವುದೇ ಒಂದು ಪ್ರಯಾಣವಾಗಿತ್ತು. 1990ರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬಂದವು, ಸಾವಿರಾರು ಜನ ಒಂದೇ ಹೊತ್ತಿಗೆ ಹೋಗಿ ಒಂದೇ ಹೊತ್ತಿಗೆ ಮರಳತೊಡಗಿದರು. ಅವರೆಲ್ಲರಿಗೂ ಇದ್ದದ್ದು ಚೆನ್ನೈ ಕಡೆಗೂ ಸೇಲಂ ಕಡೆಗೂ ಲಾರಿಗಳು ಸಾಗುವ ರಾಷ್ಟ್ರೀಯ ಹೆದ್ದಾರಿ 7, ಇಂದಿನ ಎಣಿಕೆಯಲ್ಲಿ 44. ಹೆದ್ದಾರಿಯೊಂದು ನಗರದ ಬೀದಿಯೂ ಆಗಬೇಕಾಗಿ ಬಂದಾಗ ಎರಡೂ ಕೆಲಸ ಕೆಡುತ್ತವೆ. ಬೊಮ್ಮನಹಳ್ಳಿಯಲ್ಲಿ ರಸ್ತೆ ದಾಟುವ ಅಜ್ಜಿಗಾಗಿ ಲಾರಿ ನಿಲ್ಲಬೇಕು, ಲಾರಿಗಾಗಿ ಕಂಪನಿಯ ಬಸ್ಸು ಕಾಯಬೇಕು. ಈ ಎರಡು ಸಂಚಾರಗಳನ್ನು ಒಂದರ ಮೇಲೊಂದು ಹೊಂದಿಸುವುದೇ ಮೇಲ್ಸೇತುವೆಯ ಮೂಲ ಆಲೋಚನೆ.

ಕಾಮಗಾರಿ 2006ರಲ್ಲಿ ಶುರುವಾಯಿತು. ಸೇತುವೆ ಸಂಚಾರಕ್ಕೆ ತೆರೆದದ್ದು 2010ರ ಜನವರಿ 22ರಂದು. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದೊಡನೆ ಮೇಲೇರಿ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಇಳಿಯುವ ಇದರ ಉದ್ದ 10 ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ, ಪಥಗಳು ನಾಲ್ಕು, ಯೋಜನೆಯ ವೆಚ್ಚ ಸುಮಾರು 775 ಕೋಟಿ ರೂಪಾಯಿ. ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಇದನ್ನು ಖಾಸಗಿ ಸಂಸ್ಥೆಗಳೇ ಕಟ್ಟಿ, ನಡೆಸಿ, ಅವಧಿ ಮುಗಿದ ಮೇಲೆ ಹಿಂತಿರುಗಿಸುವ ಬಿಒಟಿ ಒಪ್ಪಂದದಡಿ ವಹಿಸಿಕೊಟ್ಟಿತು. ಸೋಮ, ನಾಗಾರ್ಜುನ ಮತ್ತು ಮೇಟಾಸ್ ಎಂಬ ಮೂರು ನಿರ್ಮಾಣ ಸಂಸ್ಥೆಗಳು ಸೇರಿ ಇದಕ್ಕೆಂದೇ ಬೆಂಗಳೂರು ಎಲಿವೇಟೆಡ್ ಟೋಲ್‌ವೇ ಎಂಬ ಕಂಪನಿಯನ್ನು ಹುಟ್ಟುಹಾಕಿದವು. ಮೇಲಿನ ಸೇತುವೆಯ ಜೊತೆಗೆ, ಅದು ಇಳಿಯುವಲ್ಲಿಂದ ತಮಿಳುನಾಡಿನ ಗಡಿಗೆ ತಾಗಿದ ಅತ್ತಿಬೆಲೆಯವರೆಗಿನ ನೆಲದ ರಸ್ತೆಯೂ ಇದೇ ಯೋಜನೆಗೆ ಸೇರಿದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಅತ್ತಿಬೆಲೆಯಲ್ಲಿ ಇನ್ನೊಂದು ಟೋಲ್ ಇರುವುದು ಅದಕ್ಕಾಗಿಯೇ.

ಬಿಒಟಿ ಒಪ್ಪಂದದ ಮರ್ಮ ಇಷ್ಟು. ಸರ್ಕಾರ ಕೈಯಿಂದ ಹಣ ಹಾಕದೆ, ಅಥವಾ ಸ್ವಲ್ಪವೇ ಹಾಕಿ, ರಸ್ತೆ ಪಡೆಯುತ್ತದೆ. ಕಂಪನಿ ಬ್ಯಾಂಕುಗಳಿಂದ ಸಾಲ ತಂದು ಕಟ್ಟುತ್ತದೆ. ಬಂದ ಟೋಲ್ ಹಣ ನೇರವಾಗಿ ಕಂಪನಿಯ ಜೇಬಿಗೆ ಹೋಗದೆ ಎಸ್ಕ್ರೋ ಖಾತೆಗೆ, ಅಂದರೆ ಮೂರನೆಯವರ ಉಸ್ತುವಾರಿಯಲ್ಲಿರುವ ಖಾತೆಗೆ, ಬೀಳುತ್ತದೆ. ಅಲ್ಲಿಂದ ತೆರಿಗೆ, ನಿರ್ವಹಣೆಯ ವೆಚ್ಚ, ಸಾಲದ ಕಂತು ಹೀಗೆ ಒಪ್ಪಂದದಲ್ಲಿ ಬರೆದ ಸರದಿಯಲ್ಲೇ ಹೊರಗೆ ಬರುತ್ತದೆ. ಮಾಲೀಕನ ಲಾಭ ಆ ಸರದಿಯ ಕೊನೆಯಲ್ಲಿ. ಎಷ್ಟು ವಾಹನ ಬರುತ್ತದೆ ಎಂಬ ಅಂದಾಜು ತಪ್ಪಿದರೆ ಪೆಟ್ಟು ಬೀಳುವುದೂ ಅಲ್ಲಿಂದಲೇ. ಹೀಗಾಗಿ ಟೋಲ್ ರಸ್ತೆಯ ಕಡತಗಳಲ್ಲಿ ಕಾಂಕ್ರೀಟಿನ ಬಲಕ್ಕಿಂತ ಹೆಚ್ಚು ಪುಟಗಳು ವಾಹನ ಸಂಖ್ಯೆಯ ಮುನ್ನಂದಾಜಿಗೆ ಮೀಸಲಾಗಿರುತ್ತವೆ. ಕಾಂಕ್ರೀಟನ್ನು ಪರೀಕ್ಷೆಗೆ ಒಡ್ಡಬಹುದು. ಹದಿನೈದು ವರ್ಷಗಳ ಮುಂದಿನ ವಾಹನವನ್ನು ಎಣಿಸುವ ಯಂತ್ರ ಇನ್ನೂ ಬಂದಿಲ್ಲ.

ನಿರ್ಮಾಣದ ವಿಷಯಕ್ಕೆ ಬರೋಣ. ಓಡುತ್ತಿರುವ ಹೆದ್ದಾರಿಯ ನಡುವೆ ಸೇತುವೆ ಕಟ್ಟುವವನಿಗೆ ಸಿಗುವ ಜಾಗ ಡಿವೈಡರಿನ ಒಂದು ಪಟ್ಟಿ ಮಾತ್ರ. ಅದರಲ್ಲಿ ಸಾಲಾಗಿ ಒಂಟಿ ಕಂಬಗಳು ಏಳುತ್ತವೆ. ಮೇಲಿನ ಹಾಸನ್ನು ಅಲ್ಲಿಯೇ ಸೆಂಟ್ರಿಂಗ್ ಕಟ್ಟಿ ಎರಕ ಹೊಯ್ಯಲು ಹೊರಟರೆ ಕೆಳಗಿನ ಸಂಚಾರವನ್ನೇ ನಿಲ್ಲಿಸಬೇಕಾದೀತು. ಆದ್ದರಿಂದ ಊರ ಹೊರಗಿನ ಅಂಗಳದಲ್ಲಿ ಡಬ್ಬಿಯಾಕಾರದ ತುಂಡುಗಳನ್ನು, ಅಂದರೆ ಸೆಗ್ಮೆಂಟುಗಳನ್ನು, ಮೊದಲೇ ಎರಕ ಹೊಯ್ದು ತರುತ್ತಾರೆ. ಒಂದು ತುಂಡಿನ ಮುಖಕ್ಕೆ ತಾಗಿಸಿಯೇ ಮುಂದಿನ ತುಂಡನ್ನು ಎರಕ ಹೊಯ್ಯುವುದರಿಂದ ಪ್ರತಿ ಜೋಡಿಯೂ ಬೀಗ ಮತ್ತು ಕೀಲಿಯಂತೆ ಒಂದಕ್ಕೊಂದು ಮಾತ್ರ ಕೂಡುತ್ತದೆ. ಹದಿನಾಲ್ಕನೆಯದರ ಜಾಗಕ್ಕೆ ಹದಿನೈದನೆಯದು ಕೂರುವುದಿಲ್ಲ. ರಾತ್ರಿ ಟ್ರೇಲರಿನಲ್ಲಿ ಬಂದ ತುಂಡುಗಳನ್ನು ಎರಡು ಕಂಬಗಳ ಮೇಲೆ ನಿಂತ ಉಕ್ಕಿನ ಲಾಂಚಿಂಗ್ ಗರ್ಡರ್ ಒಂದೊಂದಾಗಿ ಎತ್ತಿ ತೂಗುಹಾಕುತ್ತದೆ. ಕೆಲಸಗಾರರು ಕೈಗವಸು ಹಾಕಿಕೊಂಡು ತುಂಡಿನ ಮುಖಕ್ಕೆ ಬೂದು ಬಣ್ಣದ ಎಪಾಕ್ಸಿ ಅಂಟನ್ನು ಗೋಡೆಗೆ ಗಾರೆ ಬಳಿಯುವಂತೆಯೇ ಕೈಯ ಹದದಲ್ಲಿ ಸವರುತ್ತಾರೆ. ಅಂಟು ಗಟ್ಟಿಯಾಗುವ ಮೊದಲು ತುಂಡುಗಳನ್ನು ಒತ್ತಿ ಹಿಡಿಯಬೇಕು. ಎಲ್ಲ ತುಂಡೂ ಕೂಡಿದ ಮೇಲೆ ಒಳಗಿನ ಕೊಳವೆಗಳಲ್ಲಿ ಉಕ್ಕಿನ ತಂತಿಹಗ್ಗಗಳನ್ನು ತೂರಿಸಿ ಜಾಕ್‌ನಿಂದ ಎಳೆದು ಬಿಗಿದಾಗ, ಅಷ್ಟು ಹೊತ್ತು ತೂಗುತ್ತಿದ್ದ ತುಂಡುಗಳು ಒಂದೇ ತೊಲೆಯಾಗಿ ತಮ್ಮ ಭಾರವನ್ನು ತಾವೇ ಹೊರತೊಡಗುತ್ತವೆ. ನಾನು ನೋಡಿದ ಎಲ್ಲ ಸಿವಿಲ್ ಕೆಲಸಗಳಲ್ಲಿ ಇಷ್ಟು ಸದ್ದಿಲ್ಲದೆ ನಡೆಯುವ ದೊಡ್ಡ ಘಟನೆ ಇನ್ನೊಂದಿಲ್ಲ.

ಮೇಲೇರಿದ ವಾಹನಕ್ಕೆ ಸಿಗ್ನಲ್ ಇಲ್ಲ, ಅಡ್ಡದಾರಿ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹತ್ತು ಕಿಲೋಮೀಟರಿಗೆ ಹತ್ತು ನಿಮಿಷ. ಸಮಯ ಸೋರುವುದು ಇಳಿಯುವಲ್ಲಿ. ಇಲ್ಲಿ ಒಂದು ಸರಳ ಲೆಕ್ಕ ಹೇಳಬೇಕು. ತಡೆಯಿಲ್ಲದೆ ಓಡುವ ಒಂದು ಪಥದಲ್ಲಿ ಗಂಟೆಗೆ ಸುಮಾರು 1,800 ಕಾರುಗಳು ಸಾಗಬಲ್ಲವು; ಎರಡು ಪಥಗಳಲ್ಲಿ 3,600. ಅವು ಇಳಿದು ಒಂದು ಸಿಗ್ನಲಿಗೆ ಬಂದು ನಿಂತವು ಎನ್ನಿ. ಆ ದಿಕ್ಕಿಗೆ ಸಿಗುವ ಹಸಿರು ದೀಪ ಮೂರನೆಯ ಒಂದು ಪಾಲಾದರೆ ಒಂದು ಪಥ ದಾಟಿಸುವುದು ಗಂಟೆಗೆ 600 ವಾಹನಗಳನ್ನು ಮಾತ್ರ. ಮೇಲಿನ ಎರಡು ಪಥಗಳ ಹರಿವನ್ನು ನುಂಗಲು ಕೆಳಗೆ ಆರು ಪಥಗಳು ಬೇಕು, ಅದೂ ಬೇರೆ ಯಾವ ವಾಹನವೂ ಆ ಪಥಗಳಿಗೆ ಬರಬಾರದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದು ಆಗದ ಮಾತು. ಹೊರ ವರ್ತುಲ ರಸ್ತೆಯೂ ಹೊಸೂರು ರಸ್ತೆಯೂ ಕೂಡುವ ಆ ಜಾಗದ ಹೆಸರು ಟ್ರಾಫಿಕ್ಕಿಗೆ ಪರ್ಯಾಯ ಪದವಾದದ್ದರಲ್ಲಿ ಈ ಲೆಕ್ಕಕ್ಕೂ ಪಾಲಿದೆ. ಸಂಜೆ ಎಲೆಕ್ಟ್ರಾನಿಕ್ಸ್ ಸಿಟಿಯಿಂದ ಹಣ ಕೊಟ್ಟು ಹತ್ತು ನಿಮಿಷದಲ್ಲಿ ಹಾರಿ ಬಂದವನು ಕೊನೆಯ ಒಂದು ಕಿಲೋಮೀಟರಿನಲ್ಲಿ, ಕೆಳಗಿನಿಂದ ಬಿಟ್ಟಿಯಾಗಿ ಬಂದವನ ಪಕ್ಕದಲ್ಲೇ ನಿಂತಿರುತ್ತಾನೆ.

ಟೋಲ್ ಕಟ್ಟೆಗೂ ಇದೇ ಗಣಿತ. ನೋಟು ತೆಗೆದುಕೊಂಡು, ಚಿಲ್ಲರೆ ಎಣಿಸಿ, ಚೀಟಿ ಹರಿದು ಕೊಡಲು ಒಂದು ವಾಹನಕ್ಕೆ 15 ಸೆಕೆಂಡ್ ಹಿಡಿದರೆ ಒಂದು ಕಿಟಕಿಯಿಂದ ಗಂಟೆಗೆ 240 ವಾಹನ. 3,600 ವಾಹನಗಳಿಗೆ 15 ಕಿಟಕಿಗಳು ಬೇಕು. ಎರಡು ಪಥಗಳ ರಸ್ತೆ ಅಲ್ಲಿ ಬೀಸಣಿಗೆಯಂತೆ ಅಗಲವಾಗಬೇಕಾದದ್ದು ಅದಕ್ಕೇ. 2021ರ ಫೆಬ್ರವರಿ ಮಧ್ಯದಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಗಾಜಿಗೆ ಅಂಟಿಸಿದ ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಮೇಲಿನ ಆಂಟೆನಾ ಕಳಿಸುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಅದು ಹಿಂದಕ್ಕೆ ಹೇಳುತ್ತದೆ. ವಾಹನಕ್ಕೆ ಮೂರು ಸೆಕೆಂಡ್ ಎಂದುಕೊಂಡರೆ ಅದೇ ಕೆಲಸಕ್ಕೆ ಮೂರು ಕಿಟಕಿ ಸಾಕು. ಸಾಲಿನಲ್ಲಿರುವ ಒಂದೇ ಒಂದು ಕಾರಿನ ಖಾತೆಯಲ್ಲಿ ಹಣ ಮುಗಿದಿದ್ದರೆ ಮಾತ್ರ ಈ ಗಣಿತವೆಲ್ಲ ಹಾರ್ನ್ ಸದ್ದಿನಲ್ಲಿ ಕರಗಿಹೋಗುತ್ತದೆ. 2025ರ ನವೆಂಬರಿನಲ್ಲಿ, ಸರಿಯಾದ ಫಾಸ್ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ಕಟ್ಟಬೇಕೆಂಬ ನಿಯಮ ಬಂತು.

ದರದ ವಿಷಯ ಸ್ವಲ್ಪ ತೊಡಕಿನದು. ದೇಶದ ಹೆದ್ದಾರಿಗಳಿಗೆ ಸಾಮಾನ್ಯವಾಗಿ ಅನ್ವಯವಾಗುವುದು 2008ರ ಶುಲ್ಕ ನಿಯಮಗಳು. ಅದರಲ್ಲಿ 2007–08ರ ಮೂಲದರ ಕಾರಿಗೆ ಕಿಲೋಮೀಟರಿಗೆ 65 ಪೈಸೆ, ಬಸ್ಸು ಮತ್ತು ಲಾರಿಗೆ 2 ರೂಪಾಯಿ 20 ಪೈಸೆ. ಪ್ರತಿ ವರ್ಷ ಶೇ 3ರಷ್ಟು ಏರಿಕೆ, ಅದರ ಮೇಲೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40. ಸೇತುವೆ, ಸುರಂಗ, ಎತ್ತರಿಸಿದ ರಸ್ತೆಗಳ ಒಂದು ಕಿಲೋಮೀಟರನ್ನು ಹತ್ತು ಕಿಲೋಮೀಟರ್ ಎಂದು ಎಣಿಸುವ ಕ್ರಮವಿತ್ತು. 2025ರ ಜುಲೈನಲ್ಲಿ ಇದಕ್ಕೆ ತಿದ್ದುಪಡಿ ಬಂದು, ಹಾಗೆ ಎಣಿಸಿದ ಉದ್ದ ಅಥವಾ ಇಡೀ ಭಾಗದ ಉದ್ದದ ಐದು ಪಟ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕೆಂದಾಯಿತು. ಪೂರ್ತಿ ಮೇಲ್ಸೇತುವೆಯೇ ಆದ 40 ಕಿಲೋಮೀಟರಿಗೆ ಮೊದಲು 400ರ ಲೆಕ್ಕ, ಈಗ 200ರ ಲೆಕ್ಕ. ಹೊಸೂರು ರಸ್ತೆಯ ಒಪ್ಪಂದ 2008ಕ್ಕೂ ಹಿಂದಿನದಾದ್ದರಿಂದ ಅದರ ದರ ಅದರ ಒಪ್ಪಂದದ್ದೇ. ದೇಶದ ಬಹುಪಾಲು ಹೆದ್ದಾರಿ ಟೋಲ್‌ಗಳಲ್ಲಿ ಬೈಕ್ ಸವಾರರು ಪಕ್ಕದಿಂದ ನುಸುಳಿ ಹೋಗುತ್ತಾರೆ. ಇಲ್ಲಿ ಅವರೂ ಹಣ ಕೊಟ್ಟೇ ಮೇಲೇರಬೇಕು.

ಬೈಕಿಗೆ ಮೇಲೆ ಜಾಗ ಕೊಡಬೇಕೇ ಎಂಬುದು ಹಣಕ್ಕಿಂತ ದೊಡ್ಡ ಪ್ರಶ್ನೆ. 2021ರ ಸೆಪ್ಟೆಂಬರಿನಲ್ಲಿ ಈ ಸೇತುವೆಯ ತಂಗುಜಾಗದಲ್ಲಿ ನಿಲ್ಲಿಸಿದ್ದ ಬೈಕಿಗೆ ವೇಗವಾಗಿ ಬಂದ ಕಾರು ಬಡಿದು ಇಬ್ಬರು ಕೆಳಗಿನ ರಸ್ತೆಗೆ ಬಿದ್ದು ತೀರಿಹೋದರು. ಸೇತುವೆಯ ಅಂಚಿನ ತಡೆಗೋಡೆ ಕಾರನ್ನು ಒಳಗೆ ಹಿಡಿದಿಡುವ ಎತ್ತರದ್ದು. ಬೈಕಿನ ಮೇಲೆ ಕೂತವರನ್ನೋ ಪಕ್ಕದಲ್ಲಿ ನಿಂತವರನ್ನೋ ಹಿಡಿಯುವ ಎತ್ತರದ್ದಲ್ಲ. ಕೆಟ್ಟುನಿಂತ ವಾಹನಕ್ಕೆಂದು ಮಾಡಿದ ತಂಗುಜಾಗ ಊರನ್ನು ಮೇಲಿನಿಂದ ನೋಡುವ ಕಟ್ಟೆಯಾಗುತ್ತದೆ ಎಂಬುದನ್ನು ವಿನ್ಯಾಸ ಮಾಡುವವರು ಊಹಿಸಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಹೈದರಾಬಾದಿನವರು ಇಲ್ಲಿ ಬೇರೆ ದಾರಿ ಹಿಡಿದರು. ನಮ್ಮದು ತೆರೆಯುವ ಮೂರು ತಿಂಗಳ ಮೊದಲು, 2009ರ ಅಕ್ಟೋಬರಿನಲ್ಲಿ, ಮೆಹದಿಪಟ್ನಂನಿಂದ ಆರಾಮ್‌ಘರ್‌ವರೆಗೆ ತೆರೆದ 11.6 ಕಿಲೋಮೀಟರಿನ ಪಿ. ವಿ. ನರಸಿಂಹ ರಾವ್ ಮೇಲ್ಸೇತುವೆಯಲ್ಲಿ ಬೈಕಿಗೂ ಭಾರೀ ವಾಹನಕ್ಕೂ ಪ್ರವೇಶವಿಲ್ಲ, ಟೋಲ್ ಕೂಡ ಇಲ್ಲ. ಅಲ್ಲಿನ ಅಂಗಡಿಗಳ ವಿಳಾಸದಲ್ಲಿ ಬೀದಿಯ ಹೆಸರಿಗಿಂತ ಪಿಲ್ಲರ್ ನಂಬರೇ ದೊಡ್ಡದಾಗಿರುತ್ತದೆ. ಅಲ್ಲಿ ರಸ್ತೆಯ ವೆಚ್ಚ ಕಾರಿಲ್ಲದವನ ತೆರಿಗೆಯಲ್ಲೂ ಸೇರಿದೆ. ಇಲ್ಲಿ ಓಡಾಡುವವನೇ ಕೊಡುತ್ತಾನೆ. ಎರಡನೆಯದು ನ್ಯಾಯವೆಂದು ನನಗೆ ತೋರುತ್ತದೆ, ಕೆಳಗಿನ ರಸ್ತೆ ಚೆನ್ನಾಗಿರುವವರೆಗೆ. ಕೆಳಗಿನದು ಕೆಟ್ಟಷ್ಟೂ ಮೇಲಿನ ಕಟ್ಟೆಗೆ ವ್ಯಾಪಾರ ಹೆಚ್ಚುವುದರಿಂದ, ಆ ರಸ್ತೆಯ ದುರಸ್ತಿಯನ್ನು ಒಪ್ಪಂದದಲ್ಲೇ ಬಿಗಿಯಾಗಿ ಕಟ್ಟಿಹಾಕಬೇಕು.

ಕಟ್ಟುವುದು ನಾಲ್ಕು ವರ್ಷ. ಕಾಪಾಡುವುದು ಸೇತುವೆ ಇರುವಷ್ಟು ಕಾಲ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಹಾಸಿನಲ್ಲಿ ಅಲ್ಲಲ್ಲಿ ಸಂದು ಬಿಟ್ಟು ರಬ್ಬರ್ ಪಟ್ಟಿ ಕೂರಿಸಿರುತ್ತಾರೆ. ಕಂಬದ ಬುಡದಲ್ಲಿ ನಿಂತು ಕಿವಿಗೊಟ್ಟರೆ ಪ್ರತಿ ಕಾರೂ ಆ ಸಂದಿನ ಮೇಲೆ ಮುಂದಿನ ಗಾಲಿಗೊಮ್ಮೆ, ಹಿಂದಿನ ಗಾಲಿಗೊಮ್ಮೆ ದಡ್ ದಡ್ ಎಂದು ಎರಡು ಸಲ ಬಡಿಯುವುದು ಕೇಳಿಸುತ್ತದೆ. ಆ ಸದ್ದಿನ ಜೊತೆ ಸಡಿಲ ಕಬ್ಬಿಣದ ಗಲಗಲ ಸೇರಿದರೆ ಸಂದು ಬಿಟ್ಟುಕೊಂಡಿದೆ ಎಂದರ್ಥ. ಹರಿದ ರಬ್ಬರಿನಿಂದ ಕೆಸರುನೀರು ಇಳಿದು ಕಂಬದ ನೆತ್ತಿಯಲ್ಲಿ ನಿಲ್ಲುತ್ತದೆ, ಅಲ್ಲಿ ಹಾಸನ್ನು ಹೊತ್ತ ಬೇರಿಂಗುಗಳಿವೆ. ಬೇರಿಂಗ್ ಬದಲಿಸಬೇಕಾದರೆ ರಾತ್ರಿ ಸಂಚಾರ ನಿಲ್ಲಿಸಿ, ಎರಡು ಕಂಬಗಳ ನಡುವಿನ ಇಡೀ ಅಂಕಣವನ್ನು ಹೈಡ್ರಾಲಿಕ್ ಜಾಕ್‌ಗಳಿಂದ ಕೆಲವೇ ಮಿಲಿಮೀಟರ್ ಎತ್ತಿ ಹಿಡಿಯಬೇಕು. ಒಂದು ರಬ್ಬರ್ ಪಟ್ಟಿಯ ಅಸಡ್ಡೆ ಅಲ್ಲಿಗೆ ತಂದು ಮುಟ್ಟಿಸುತ್ತದೆ. ಒಪ್ಪಂದದ ಕೊನೆಯ ವರ್ಷಗಳಲ್ಲಿ ಇಂಥ ಖರ್ಚನ್ನು ಮುಂದೂಡುವ ಆಸೆ ಯಾವ ನಿರ್ವಾಹಕನಿಗೂ ಸಹಜ. ಹಸ್ತಾಂತರದ ಮುಂಚಿನ ತಪಾಸಣೆ ಟಾರಿನ ನುಣುಪನ್ನು ನೋಡಿ ಮುಗಿಯದೆ, ಏಣಿ ಹತ್ತಿ ಕಂಬದ ನೆತ್ತಿಯವರೆಗೂ ಹೋಗಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕಾಗಿ.

ಈಗ ಆ ರಸ್ತೆಯ ಸುತ್ತಲಿನ ನೆಲೆಯೇ ಬದಲಾಗಿದೆ. 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ, ಕೆಳ ಅಂತಸ್ತಿನಲ್ಲಿ ವಾಹನವೂ ಮೇಲೆ ಮೆಟ್ರೊವೂ ಸಾಗುವ 3.36 ಕಿಲೋಮೀಟರಿನ ಡಬಲ್ ಡೆಕ್ಕರ್ ಮೇಲ್ಸೇತುವೆ ತೆರೆಯಿತು. ಅದಕ್ಕೆ ಟೋಲ್ ಇಲ್ಲ. 2025ರ ಆಗಸ್ಟ್ 10ರಂದು ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾಯಿತು. ಮೂರೇ ರೈಲುಗಳಿದ್ದ ಮೊದಲ ದಿನಗಳಲ್ಲಿ 25 ನಿಮಿಷಕ್ಕೊಂದು ಬರುತ್ತಿದ್ದರೂ ಜನ ಕಾದು ಹತ್ತಿದರು. ಟೋಲ್ ಸೇತುವೆಯ ಪಕ್ಕದಲ್ಲೇ ಸಾಗುವ ಆ ಮಾರ್ಗಕ್ಕೆ ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್‌ಗಳಲ್ಲಿ ನಿಲ್ದಾಣಗಳಿವೆ. ಸೇತುವೆ ಈ ಊರುಗಳ ನೆತ್ತಿಯ ಮೇಲೆ ಹದಿನೈದು ವರ್ಷ ಹಾದುಹೋಯಿತು, ಒಂದೊಂದು ಊರಿಗೂ ಇಳಿಜಾರು ಕೊಡಲಿಲ್ಲ. ಇಳಿಜಾರು ಕೊಟ್ಟಿದ್ದರೆ ಮೇಲಿನ ವೇಗ ಉಳಿಯುತ್ತಿರಲಿಲ್ಲ. ಈಗ ಬೆಳಗಿನ ಹೊತ್ತು ಸಿಂಗಸಂದ್ರದ ಪ್ಲಾಟ್‌ಫಾರ್ಮಿನಲ್ಲಿ ನಿಂತವರು, ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಟೋಲ್ ಕೊಟ್ಟ ಕಾರುಗಳು ದಾಟಿಹೋಗುವುದನ್ನು ನೋಡುತ್ತ ತಮ್ಮ ರೈಲಿಗೆ ಕಾಯುತ್ತಾರೆ.