ನಕ್ಷತ್ರ ನೋಡಿ ದಾರಿ ಹಿಡಿಯುವ ಹಕ್ಕಿ, ಪತಂಗ

ನಮಸ್ಕಾರ. ವಾರ ಪೂರ್ತಿ ನನ್ನ ತಲೆ ಕೊರೆದ ಪ್ರಶ್ನೆ ಇದು. ರಾತ್ರಿ ನಕ್ಷತ್ರ ನೋಡಿ ದಾರಿ ಹಿಡಿಯುವುದು ಕಲಿತು ಬರುವ ವಿದ್ಯೆಯಾ, ಹುಟ್ಟಿನಿಂದಲೇ ಬರುತ್ತದಾ?

ಪರಿಚಯ ಬೇಗ ಮುಗಿಸೋಣ. ಹಕ್ಕಿ, ಅಮೆರಿಕದ ಇಂಡಿಗೊ ಬಂಟಿಂಗ್. ತೂಕ ಸುಮಾರು 15 ಗ್ರಾಂ. ಚಳಿಗಾಲಕ್ಕೆ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ ಹೊರಡುತ್ತದೆ. ಪತಂಗ, ಆಸ್ಟ್ರೇಲಿಯಾದ ಬೊಗಾಂಗ್. ಎರಡೂ ರಾತ್ರಿ ಹಾರುತ್ತವೆ.

ಈಗ 1960ರ ದಶಕಕ್ಕೆ ಬನ್ನಿ. ಅಮೆರಿಕದ ಪಕ್ಷಿ ವಿಜ್ಞಾನಿ ಸ್ಟೀಫನ್ ಎಮ್ಲೆನ್ ಮತ್ತು ಅವರ ತಂದೆ ಜಾನ್ ಸೇರಿ ಆಲಿಕೆಯಂಥ ಒಂದು ಪಂಜರ ಮಾಡಿದರು. ಸುತ್ತ ಬ್ಲಾಟಿಂಗ್ ಪೇಪರ್, ತಳದಲ್ಲಿ ಶಾಯಿ ಪ್ಯಾಡ್, ಮೇಲೆ ಬಲೆ. ವಲಸೆಯ ಕಾಲ ಬಂತೆಂದರೆ ಹಕ್ಕಿ ರಾತ್ರಿ ಸುಮ್ನೆ ಕೂರುವುದಿಲ್ಲ. ಹೋಗಬೇಕಾದ ದಿಕ್ಕಿಗೆ ಜಿಗಿಯುತ್ತದೆ, ಜಾರುತ್ತದೆ, ಮತ್ತೆ ಜಿಗಿಯುತ್ತದೆ. ಆಮೇಲೆ ಕಾಗದ ಬಿಚ್ಚಿ ನೋಡಿದರೆ ಶಾಯಿಯ ಹೆಜ್ಜೆಗಳು ಒಂದೇ ಕಡೆ ದಟ್ಟ! ಹಕ್ಕಿ ತನ್ನ ಕಾಲಲ್ಲೇ ಉತ್ತರ ಬರೆದಿರುತ್ತದೆ. ಎಷ್ಟು ಸರಳ, ಎಷ್ಟು ಚೆಂದ ಅಲ್ವಾ?

ಇನ್ನೂ ಇದೆ. ಎಮ್ಲೆನ್ ಕೆಲವು ಮರಿಗಳನ್ನು ತಾರಾಲಯದ ಸುಳ್ಳು ಆಕಾಶದ ಕೆಳಗೆ ಬೆಳೆಸಿದರು. ಅಲ್ಲಿ ಇಡೀ ಆಕಾಶ ಧ್ರುವ ನಕ್ಷತ್ರ ಬಿಟ್ಟು ಆರ್ದ್ರಾ ನಕ್ಷತ್ರದ ಸುತ್ತ ತಿರುಗುತ್ತಿತ್ತು. ವಲಸೆಯ ಕಾಲ ಬಂದಾಗ ಆ ಮರಿಗಳು ಆರ್ದ್ರಾ ಇರುವುದೇ ಉತ್ತರ ದಿಕ್ಕು ಅಂದುಕೊಂಡು, ದಕ್ಷಿಣಕ್ಕೆಂದು ಅದಕ್ಕೆ ಬೆನ್ನು ಹಾಕಿ ಹೊರಟವು. ಅಂದರೆ ಮರಿ ಗಮನಿಸುವುದು ಆಕಾಶದ ತಿರುಗಾಟವನ್ನು. ಯಾವ ಜಾಗ ಅಲುಗಾಡುವುದಿಲ್ಲವೋ ಅದೇ ಉತ್ತರ ದಿಕ್ಕು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಮಯ ಕಡಿಮೆ ಇದೆ, ಪತಂಗದ್ದು ಚುಟುಕಾಗಿ ಹೇಳುತ್ತೇನೆ. ಬೊಗಾಂಗ್ ವಸಂತದಲ್ಲಿ ಸುಮಾರು 1,000 ಕಿಲೋಮೀಟರ್ ವರೆಗೂ ಹಾರಿ, ಆಸ್ಟ್ರೇಲಿಯನ್ ಆಲ್ಪ್ಸ್ ಬೆಟ್ಟಗಳ ತಂಪು ಗುಹೆ ಸೇರುತ್ತದೆ. ಬೇಸಿಗೆಯೆಲ್ಲ ಅಲ್ಲೇ ನಿದ್ದೆ. ಆ ಗುಹೆಯನ್ನು ಅದು ಹಿಂದೆಂದೂ ನೋಡಿಲ್ಲ. ದಾರಿ ತೋರಿಸಲು ಅಪ್ಪ ಅಮ್ಮ ಬದುಕಿಲ್ಲ. ಅಂದರೆ ಹಕ್ಕಿಯಂತೆ ಕಲಿತದ್ದಲ್ಲ, ಹುಟ್ಟಿನಿಂದಲೇ ಬಂದಿರಬೇಕು. 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಭೂಮಿಯ ಕಾಂತಕ್ಷೇತ್ರ ತಾಗದಂತೆ ಮಾಡಿ, ಪತಂಗದ ತಲೆಯ ಮೇಲೆ ನಕ್ಷತ್ರಗಳನ್ನು ಮೂಡಿಸಿದರು. ಸರಿಯಾದ ದಿಕ್ಕಿಗೇ ಹಾರಿತು. ಆಕಾಶವನ್ನು ಅರ್ಧ ಸುತ್ತು ತಿರುಗಿಸಿದರೆ ಅದೂ ತಿರುಗಿತು. ನಕ್ಷತ್ರಗಳನ್ನು ಚೆಲ್ಲಾಪಿಲ್ಲಿ ಮಾಡಿದರೆ ದಿಕ್ಕು ತಪ್ಪಿತು.

ಮೋಡ ಕವಿದರೆ? ಕಾಂತಕ್ಷೇತ್ರ ಹಿಡಿದು ಹೋಗುತ್ತದೆ. ಶರತ್ಕಾಲದಲ್ಲಿ ಅದೇ ಪತಂಗ ವಾಪಸ್ ಹಾರಿ, ಮೊಟ್ಟೆ ಇಟ್ಟು ಸಾಯುತ್ತದೆ. 2017ರಿಂದ ಬಂದ ಬರದಲ್ಲಿ ಇವುಗಳ ಸಂಖ್ಯೆ ಕುಸಿದು, 2021ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಇವನ್ನು ತಿನ್ನುವ, ಬೆಟ್ಟದಲ್ಲಿರುವ ಪುಟ್ಟ ಪೊಸಮ್‌ಗಳೂ (ಮರಿಯನ್ನು ಹೊಟ್ಟೆಚೀಲದಲ್ಲಿ ಸಾಕುವ ಪ್ರಾಣಿ) ಆಗ ಮರಿಗಳನ್ನು ಕಳೆದುಕೊಂಡವು.