ಹತ್ತು ವರ್ಷದ ಡಿಟೆಕ್ಟರ್: ಒಬ್ಬ ಹವ್ಯಾಸಿ ಕಂಡ ಫೈರ್ ಅಲಾರಂ

ಸಭಿಕರೇ,

ಈ ಮೇಜಿನ ಮೇಲೆ ಎರಡು ಸ್ಮೋಕ್ ಡಿಟೆಕ್ಟರ್‌ಗಳನ್ನು ಇಟ್ಟಿದ್ದೇನೆ. ಒಂದು, ಹತ್ತು ವರ್ಷಗಳ ಹಿಂದೆ ಈ ಹವ್ಯಾಸಕ್ಕೆ ಬಿದ್ದಾಗ ಕೊಂಡದ್ದು, ಇನ್ನೊಂದು ಇತ್ತೀಚಿನದು. ಮನೆಬಳಕೆಯ ಇಂಥ ಸಾಧನಗಳನ್ನು ತಯಾರಾದ ದಿನದಿಂದ ಹತ್ತು ವರ್ಷಕ್ಕೆ ಬದಲಿಸಬೇಕೆಂಬ ರೂಢಿಯಿರುವುದರಿಂದ ಮೊದಲನೆಯದು ಈಗ ನಿವೃತ್ತಿಯ ವಯಸ್ಸಿಗೆ ಬಂದಿದೆ. ನೋಡುವುದಕ್ಕೆ ಎರಡೂ ಬಿಳಿ ಪ್ಲಾಸ್ಟಿಕ್ ತಟ್ಟೆಗಳೇ. ಆದರೆ ಬೆಂಕಿಯೆಂದರೆ ಏನು ಎಂಬ ಬಗ್ಗೆ ಇವೆರಡರ ತಿಳಿವಳಿಕೆ ಬೇರೆಬೇರೆ, ಮತ್ತು ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಹಳೆಯದು ಅಯಾನೀಕರಣ ತತ್ತ್ವದ್ದು. ಅದರೊಳಗೆ ಅಮೆರಿಷಿಯಂ-241 ಎಂಬ ವಿಕಿರಣಶೀಲ ಧಾತು ಒಂದು ಮೈಕ್ರೋಗ್ರಾಂಗಿಂತಲೂ ಕಡಿಮೆ ಪ್ರಮಾಣದಲ್ಲಿದೆ. ಅದು ಹೊಮ್ಮಿಸುವ ಆಲ್ಫಾ ಕಣಗಳು ಎರಡು ಲೋಹದ ಫಲಕಗಳ ನಡುವಿನ ಗಾಳಿಯನ್ನು ಅಯಾನುಗಳಾಗಿಸಿ, ತೀರ ಸಣ್ಣದೊಂದು ವಿದ್ಯುತ್ ಪ್ರವಾಹ ಸದಾ ಹರಿಯುವಂತೆ ಮಾಡುತ್ತವೆ. ಹೊಗೆಯ ಕಣಗಳು ಒಳಹೊಕ್ಕು ಆ ಅಯಾನುಗಳಿಗೆ ಅಂಟಿಕೊಂಡಾಗ ಪ್ರವಾಹ ಇಳಿಯುತ್ತದೆ, ಅಲಾರಂ ಕೂಗುತ್ತದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ವಿಷಾನಿಲ ಪತ್ತೆಮಾಡುವ ಸಾಧನ ರೂಪಿಸಲು ಹೋಗಿ ಸೋತು, ಬೇಸರದಿಂದ ಸಿಗರೇಟು ಹಚ್ಚಿಕೊಂಡಾಗ ಮೀಟರಿನ ಮುಳ್ಳು ಅಲುಗಿತೆಂಬ ಕತೆ ನಮ್ಮಂಥವರಿಗೆಲ್ಲ ಬಾಯಿಪಾಠ. ಅಮೆರಿಷಿಯಂನ ಅರ್ಧಾಯುಷ್ಯ ಸುಮಾರು 432 ವರ್ಷ. ಹಾಗಾಗಿ ಹತ್ತು ವರ್ಷಕ್ಕೆ ಸೋಲುವುದು ಅದಲ್ಲ. ಧೂಳು ತುಂಬಿದ ಒಳಗೂಡು ಮತ್ತು ವಯಸ್ಸಾದ ಬಿಡಿಭಾಗಗಳು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಚಟ ನನಗಿದ್ದರೂ, ಇದೊಂದನ್ನು ಇಂದಿಗೂ ಬಿಚ್ಚಿಲ್ಲ, ನೀವೂ ಬಿಚ್ಚಬೇಡಿ.

ಜ್ವಾಲೆಯೆದ್ದು ಉರಿಯುವ ಬೆಂಕಿಯ ಸೂಕ್ಷ್ಮ ಕಣಗಳನ್ನು ಅಯಾನೀಕರಣದ ಡಿಟೆಕ್ಟರ್ ಬೇಗ ಹಿಡಿಯುತ್ತದೆ. ಹಾಸಿಗೆಯೊಳಗೆ ಗಂಟೆಗಟ್ಟಲೆ ಕನಲುತ್ತ ಹೊಗೆಯಾಡುವ ಬೆಂಕಿಗೆ ಮಾತ್ರ ಅದು ನಿಧಾನ. ಅಲ್ಲಿ ಬೆಳಕಿನ ತತ್ತ್ವದ ಡಿಟೆಕ್ಟರ್ ಮೇಲು: ಕತ್ತಲೆಯ ಗೂಡಿನಲ್ಲಿ ಒಂದು ಎಲ್‌ಇಡಿ ಮಿನುಗುತ್ತಿರುತ್ತದೆ, ಅದರ ನೇರಕ್ಕೆ ಇಲ್ಲದ ಕಡೆ ಒಂದು ಬೆಳಕಿನ ಸೆನ್ಸರ್ ಕುಳಿತಿರುತ್ತದೆ, ಹೊಗೆ ಬಂದಾಗ ಬೆಳಕು ಚದುರಿ ಸೆನ್ಸರನ್ನು ಮುಟ್ಟುತ್ತದೆ. ಆದರೆ ಈ ಜಾಣತನಕ್ಕೂ ಮಿತಿಯಿತ್ತು. ಸ್ನಾನದಮನೆಯ ಬಾಗಿಲು ತೆರೆದೊಡನೆ ಹೊರನುಗ್ಗುವ ಹಬೆಯೂ ಅದರ ಪಾಲಿಗೆ ಹೊಗೆಯೇ. ನನ್ನ ಮನೆಯಲ್ಲಿ ಒಂದೇ ವಾರದಲ್ಲಿ ಮೂರು ಸಲ ಹೀಗೆ ಕೂಗಿದ ಮೇಲೆ, ಬೆಂಕಿಯ ಬಗ್ಗೆ ಎಲ್ಲರಿಗೂ ಉಪದೇಶ ಮಾಡುವ ನಾನೇ ಅದರ ಬ್ಯಾಟರಿ ಕಿತ್ತಿಟ್ಟಿದ್ದೆ. ಜನ ಹೀಗೆ ಕಿತ್ತಿಡುತ್ತಾರೆಂಬುದು ತಯಾರಕರಿಗೂ ಗೊತ್ತಿತ್ತು. ಬಿಚ್ಚಲಾಗದಂತೆ ಒಳಗೇ ಮುಚ್ಚಿಟ್ಟ, ಹತ್ತು ವರ್ಷ ಬಾಳುವ ಲಿಥಿಯಂ ಬ್ಯಾಟರಿ ಬಂದದ್ದಕ್ಕೆ ಇದೂ ಒಂದು ಕಾರಣ. ಆದರೆ ಅದು ಕಾಯಿಲೆಗೆ ಮದ್ದಲ್ಲ, ರೋಗಿಯ ಕೈಕಟ್ಟುವ ಉಪಾಯ ಎಂದು ನನ್ನ ಅನಿಸಿಕೆ.

ನಿಜವಾದ ಮದ್ದು ಈ ಎರಡನೆಯ ತಟ್ಟೆಯಲ್ಲಿದೆ. ಇದು ನೀಲಿ ಮತ್ತು ಅವಗೆಂಪು ಎಂಬ ಎರಡು ತರಂಗಾಂತರಗಳ ಬೆಳಕು ಚದುರುವ ರೀತಿಯನ್ನು ಹೋಲಿಸಿ ಕಣಗಳ ಗಾತ್ರವನ್ನು ಅಂದಾಜಿಸುತ್ತದೆ. ಜೊತೆಗೆ ಉಷ್ಣತೆಯನ್ನೂ ಅಳೆಯುತ್ತದೆ. ಕಾರ್ಬನ್ ಮಾನಾಕ್ಸೈಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿಗಳಿವೆ. ಈ ಬದಲಾವಣೆಯನ್ನು ಮುಂದೆ ತಳ್ಳಿದ್ದು ಸ್ಮೋಕ್ ಅಲಾರಂಗಳ ಪರೀಕ್ಷೆಗೆಂದಿರುವ ಅಮೆರಿಕದ ಯುಎಲ್ 217 ಮಾನದಂಡದ 8ನೇ ಆವೃತ್ತಿ. ಅದರಲ್ಲಿ ಎರಡು ಬಗೆಯ ಪರೀಕ್ಷೆಗಳು ಹೊಸದಾಗಿ ಸೇರಿದವು: ಇಂದಿನ ಸೋಫಾ, ಹಾಸಿಗೆಗಳಲ್ಲಿ ತುಂಬುವ ಪಾಲಿಯುರೆಥೇನ್ ಫೋಮ್ ಹೊತ್ತಿದರೆ ಅಲಾರಂ ಸಕಾಲಕ್ಕೆ ಕೂಗಬೇಕು, ಹ್ಯಾಂಬರ್ಗರ್ ಸುಡುವ ಹೊಗೆಗೆ ಅವಸರಪಟ್ಟು ಕೂಗಬಾರದು. ಒಂದು ಬೇಗ ಕೂಗೆನ್ನುತ್ತದೆ, ಇನ್ನೊಂದು ತಾಳು ಎನ್ನುತ್ತದೆ. ಒಂದೇ ಅಳತೆಯ ಗೆರೆ ದಾಟಿದೊಡನೆ ಕೂಗುವ ಹಳೆಯ ಸರಳ ಸಾಧನಕ್ಕೆ ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಬಹಳ ಕಷ್ಟ. ಹೀಗಾಗಿ ಡಿಟೆಕ್ಟರಿಗೆ ಮೈಕ್ರೋಪ್ರೊಸೆಸರ್‌ ಮತ್ತು ತೀರ್ಪು ಕೊಡುವ ಜವಾಬ್ದಾರಿ ಎರಡೂ ಬಂದವು.

ಶಬ್ದದ ವಿಷಯಕ್ಕೆ ಬರೋಣ. ಮೂರು ಕೂಗು, ಒಂದೂವರೆ ಸೆಕೆಂಡ್ ಮೌನ, ಮತ್ತೆ ಮೂರು ಕೂಗು: ಈ ಲಯ ಹತ್ತು ವರ್ಷಗಳಲ್ಲಿ ಬದಲಾಗಿಲ್ಲ, ಬದಲಾಗಲೂಬಾರದು. ಬದಲಾಗುತ್ತಿರುವುದು ಶ್ರುತಿ. ಸಾಮಾನ್ಯ ಅಲಾರಂಗಳ ಕೀರಲು ದನಿ ಸುಮಾರು 3,100 ಹರ್ಟ್ಸ್‌ನದು. ನಿದ್ದೆಯಲ್ಲಿರುವ ಮಕ್ಕಳನ್ನೂ ಶ್ರವಣ ಮಂದವಾದವರನ್ನೂ ಎಬ್ಬಿಸುವುದರಲ್ಲಿ 520 ಹರ್ಟ್ಸ್‌ನ ತಗ್ಗಿದ ದನಿಯೇ ಹೆಚ್ಚು ಸಮರ್ಥವೆಂದು ಪ್ರಯೋಗಗಳು ತೋರಿಸಿದವು. ಮಲಗುವ ಕೋಣೆಗಳಿಗೆ ಈ ದನಿಯನ್ನು ಬೇಡುವ ನಿಯಮ ಅಮೆರಿಕದ ಫೈರ್ ಅಲಾರಂ ಸಂಹಿತೆಯಾದ ಎನ್‌ಎಫ್‌ಪಿಎ 72ರಲ್ಲಿ ಸೇರಿತು. ಬೆಳಕಿನ ಎಚ್ಚರಿಕೆಯಲ್ಲಿ ಕ್ಸೆನಾನ್ ಕೊಳವೆಯ ಜಾಗಕ್ಕೆ ಎಲ್‌ಇಡಿ ಬಂದಿದೆ. ವಿದ್ಯುತ್ತಿನ ಖರ್ಚು ತಗ್ಗಿದ್ದರಿಂದ ಒಂದೇ ತಂತಿಗೆ ಹೆಚ್ಚು ಸ್ಟ್ರೋಬ್‌ಗಳನ್ನು, ಅಂದರೆ ಮಿಂಚುವ ಎಚ್ಚರಿಕೆ ದೀಪಗಳನ್ನು, ಜೋಡಿಸಬಹುದು. ಕ್ಸೆನಾನಿನ ಆ ಚುರುಕು ಮಿಂಚು ಮಾತ್ರ ನನಗಿನ್ನೂ ಇಷ್ಟ.

ಸಂಗ್ರಾಹಕನಾಗಿ ನನಗೊಂದು ದೂರಿದೆ. ದೊಡ್ಡ ಕಟ್ಟಡಗಳ ಹಳೆಯ ಕನ್ವೆನ್ಷನಲ್ ವ್ಯವಸ್ಥೆಯಲ್ಲಿ ಒಂದು ಝೋನಿಗೆ, ಅಂದರೆ ಕಟ್ಟಡದ ಒಂದು ಭಾಗಕ್ಕೆ, ಎರಡು ತಂತಿ, ತುದಿಯಲ್ಲೊಂದು ರೆಸಿಸ್ಟರ್. ಆ ರೆಸಿಸ್ಟರ್ ಮೂಲಕ ಹರಿಯುವ ಸಣ್ಣ ಪ್ರವಾಹ ನಿಂತರೆ, ತಂತಿ ಎಲ್ಲೋ ಕಡಿದಿದೆಯೆಂದು ಎಲ್ಲವನ್ನೂ ನಿಯಂತ್ರಿಸುವ ಪೆಟ್ಟಿಗೆಗೆ, ಅಂದರೆ ಪ್ಯಾನೆಲ್ಲಿಗೆ, ತಿಳಿಯುತ್ತದೆ. ಇಂಥ ಪ್ಯಾನೆಲ್ಲಿಗೆ ಬೇರೆಬೇರೆ ತಯಾರಕರ ಗಂಟೆಗಳನ್ನು ಜೋಡಿಸಿ ಬಾರಿಸಿದ್ದೇನೆ. ಈಗಿನ ಅಡ್ರೆಸೆಬಲ್ ವ್ಯವಸ್ಥೆಯಲ್ಲಿ ಪ್ರತಿ ಡಿಟೆಕ್ಟರಿಗೂ ತನ್ನದೇ ವಿಳಾಸವಿದೆ. ಯಾವ ಮಹಡಿಯ ಯಾವ ಕೋಣೆ ಎಂದು ಪ್ಯಾನೆಲ್ ಹೆಸರು ಹಿಡಿದು ಹೇಳುತ್ತದೆ, ಒಳಗೆ ಎಷ್ಟು ಧೂಳು ಕೂತಿದೆಯೆಂದೂ ವರದಿ ಮಾಡುತ್ತದೆ. ಬೆಂಕಿ ನಂದಿಸಲು ಓಡಿಬರುವವರಿಗೆ ಇದರ ಬೆಲೆ ಎಷ್ಟೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಸಾಮಾನ್ಯವಾಗಿ ಪ್ರತಿ ತಯಾರಕರೂ ತಮ್ಮದೇ ಸಂಕೇತಭಾಷೆ ಇಟ್ಟುಕೊಂಡಿರುವುದರಿಂದ, ತನ್ನ ಪ್ಯಾನೆಲ್ಲಿನಿಂದ ಅಗಲಿದ ಡಿಟೆಕ್ಟರ್ ಮೂಕವಾಗುತ್ತದೆ. ಪ್ಯಾನೆಲ್ ಸಿಕ್ಕರೂ ಸಾಫ್ಟ್‌ವೇರ್ ಬೇಕು, ಅದಕ್ಕೊಂದು ಪಾಸ್‌ವರ್ಡ್ ಬೇಕು. ನನ್ನ ಕಪಾಟಿನಲ್ಲಿ ಇಂಥ ಹನ್ನೊಂದು ಮೂಕ ಡಿಟೆಕ್ಟರ್‌ಗಳಿವೆ.

ಅವುಗಳ ಪಕ್ಕದಲ್ಲೇ ಇದ್ದ, ನನಗಿಂತ ಹಿರಿದಾದ ಈ ಉಕ್ಕಿನ ಗಂಟೆಯನ್ನೂ ಇಂದು ತಂದಿದ್ದೇನೆ. ಇದು ಕೇಳುವುದು 24 ವೋಲ್ಟ್ ಮಾತ್ರ. ಎರಡು 12 ವೋಲ್ಟ್ ಬ್ಯಾಟರಿಗಳು ಮೇಜಿನ ಕೆಳಗಿವೆ. ಮೊದಲು ಇದನ್ನು, ಆಮೇಲೆ 3,100 ಹರ್ಟ್ಸ್‌ನ ದನಿಯನ್ನು, ಕೊನೆಗೆ 520 ಹರ್ಟ್ಸ್‌ನ ದನಿಯನ್ನು ಕೇಳಿಸುತ್ತೇನೆ. ಮುಂದಿನ ಸಾಲಿನವರು ದಯವಿಟ್ಟು ಕಿವಿ ಮುಚ್ಚಿಕೊಳ್ಳಿ.