ಯೇನಾ ಊರಿನ ಕ್ರಿಸ್‌ಮಸ್ ಹೆಬ್ಬಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಡಿಸೆಂಬರ್ ಬಂತು ಅಂದರೆ ಮೈಸೂರಿನ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ರೋಸ್ ಕುಕ್ಕಿ ಅಚ್ಚು ಕೆಳಗಿಳಿಯುತ್ತದೆ. ಅಮ್ಮ, ಅತ್ತೆ, ಪಕ್ಕದ ಮನೆಯವರು ಎಲ್ಲ ಸೇರಿ ಕಲ್‌ಕಲ್ ಸುತ್ತುತ್ತಾರೆ. ಹಬ್ಬದ ದಿನ ಚರ್ಚಿನಿಂದ ಬಂದ ಮೇಲೆ ಮಟನ್ ಬಿರಿಯಾನಿ. ನನಗೆ ಗೊತ್ತಿದ್ದ ಕ್ರಿಸ್‌ಮಸ್ ಊಟ ಇದೇ. ಕೆಲಸದ ಮೇಲೆ ಜರ್ಮನಿಗೆ ಹೋಗಿ ಯೇನಾ ಅನ್ನುವ ಊರಿನಲ್ಲಿ ನೆಲೆಸಿದ ಮೇಲೆ ಇನ್ನೊಂದು ಊಟ ಕಲಿತೆ. ಅಲ್ಲಿ ಹಬ್ಬದ ಮಧ್ಯಾಹ್ನ ಮೇಜಿನ ನಡುವೆ ಇಡುವುದು ಇಡಿಯಾಗಿ ರೋಸ್ಟ್ ಮಾಡಿದ ಹೆಬ್ಬಾತು. ಅದನ್ನು ಕೊಳ್ಳುವುದು ಹೇಗೆ, ಬೇಯಿಸುವುದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಹೆಬ್ಬಾತು ಅಂದ ಕೂಡಲೇ ನಂಜನಗೂಡು ಕಡೆಯವರಿಗೆ ಹದಿನಾರು ಕೆರೆ ನೆನಪಾಗಬಹುದು. ಗದಗದ ಕಡೆಯವರಿಗೆ ಮಾಗಡಿ ಕೆರೆ. ಚಳಿಗಾಲಕ್ಕೆ ಹಿಮಾಲಯವನ್ನೇ ದಾಟಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕಾಡುಹಕ್ಕಿಗಳು. ಅವನ್ನು ದಡದಲ್ಲಿ ನಿಂತು ನೋಡಬೇಕು, ಅಷ್ಟೇ. ಮುಟ್ಟುವಂತಿಲ್ಲ, ಕಾನೂನೇ ಇದೆ. ನಾನು ಹೇಳುತ್ತಿರುವುದು ಯುರೋಪಿನ ಸಾಕು ಹೆಬ್ಬಾತಿನ ವಿಷಯ. ಅಲ್ಲಿಯ ಬೂದು ಹೆಬ್ಬಾತನ್ನು ಎಷ್ಟೋ ತಲೆಮಾರುಗಳ ಹಿಂದೆ ರೈತರು ಪಳಗಿಸಿಕೊಂಡರು. ನಮ್ಮಲ್ಲಿ ಕೋಳಿ ಇದ್ದ ಹಾಗೆ ಅಲ್ಲಿ ಹಳ್ಳಿ ಅಂಗಳದಲ್ಲಿ ಹೆಬ್ಬಾತು.

ಆದರೆ ಕೋಳಿಯ ಹಾಗೆ ಇದು ವರ್ಷವಿಡೀ ಸಿಗುವುದಿಲ್ಲ. ವಸಂತದಲ್ಲಿ ಮಾತ್ರ ಮೊಟ್ಟೆ ಇಡುತ್ತದೆ. ಸುಮಾರು ಒಂದು ತಿಂಗಳು ಕಾವು. ಬೇಸಿಗೆಯೆಲ್ಲ ಮರಿಗಳು ಹಸುವಿನ ಹಾಗೆ ಹುಲ್ಲು ಮೇಯುತ್ತವೆ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ನಿಜಕ್ಕೂ ಹುಲ್ಲೇ ಅದರ ಮುಖ್ಯ ಆಹಾರ. ಕೊಯ್ಲು ಮುಗಿದ ಗದ್ದೆಗೆ ಬಿಟ್ಟರೆ ಉದುರಿದ ಕಾಳು ಹೆಕ್ಕುತ್ತವೆ. ನವೆಂಬರ್ ಹೊತ್ತಿಗೆ ಚೆನ್ನಾಗಿ ಮೈ ತುಂಬಿಕೊಂಡಿರುತ್ತವೆ. ಆಮೇಲೆ ಹಿಮ ಬೀಳುತ್ತದೆ, ಹುಲ್ಲು ಇರುವುದಿಲ್ಲ, ಮೇವು ಹಾಕಿ ಸಾಕುವುದು ರೈತನಿಗೆ ಹೊರೆ. ಹಬ್ಬದ ಊಟಕ್ಕೆ ಇದೇ ಹಕ್ಕಿ ಬಂದದ್ದು ಈ ಲೆಕ್ಕದಿಂದ.

ಮೊದಲ ಸರದಿ ನವೆಂಬರ್ 11ಕ್ಕೆ, ಸಂತ ಮಾರ್ಟಿನರ ದಿನ. 4ನೇ ಶತಮಾನದಲ್ಲಿ ಫ್ರಾನ್ಸಿನ ಟೂರ್ ಊರಿನ ಜನ ಅವರನ್ನು ಬಿಷಪ್ ಮಾಡಬೇಕು ಅಂತ ಹುಡುಕಿಕೊಂಡು ಬಂದರಂತೆ. ಆ ಪದವಿ ಬೇಡ ಅಂತ ಅವರು ಹೆಬ್ಬಾತಿನ ಗೂಡಿನಲ್ಲಿ ಅಡಗಿ ಕೂತರಂತೆ. ಹೆಬ್ಬಾತುಗಳು ಕಿರುಚಾಡಿ ಹಿಡಿದುಕೊಟ್ಟವಂತೆ. ಅದೇ ದಿನ ಗೇಣಿ, ಬಾಕಿ ಎಲ್ಲ ತೀರಿಸುವ ದಿನವೂ ಆಗಿತ್ತು. ಎಷ್ಟೋ ರೈತರು ಗೇಣಿಗೆ ಹೆಬ್ಬಾತನ್ನೇ ಕೊಡುತ್ತಿದ್ದರು. ಎರಡನೇ ಸರದಿ ಕ್ರಿಸ್‌ಮಸ್‌ಗೆ. 24ರ ಸಂಜೆ ಹಿಂದೆ ಉಪವಾಸದ ಹೊತ್ತು. ಈಗಲೂ ತುಂಬಾ ಮನೆಗಳಲ್ಲಿ ಅವತ್ತು ಆಲೂಗಡ್ಡೆ ಸಾಲಡ್, ಸಾಸೇಜ್, ಮುಗಿಯಿತು. ಹೆಬ್ಬಾತು 25ಕ್ಕೆ.

ನಾನು ಮೊದಲ ವರ್ಷ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಡಿಸೆಂಬರ್ 23ರ ಸಂಜೆ ಸೂಪರ್‌ಮಾರ್ಕೆಟ್‌ಗೆ ಹೋಗಿ ಫ್ರೀಜರ್‌ನಿಂದ 5 ಕಿಲೋ ಹೆಬ್ಬಾತು ಎತ್ತಿಕೊಂಡು ಬಂದೆ. ಕಲ್ಲುಗುಂಡಿನ ಹಾಗಿತ್ತು. ಒಂದು ದಿನ ಫ್ರಿಜ್‌ನಲ್ಲಿಟ್ಟರೆ ಕರಗುತ್ತದೆ ಅಂದುಕೊಂಡೆ. 25ರ ಬೆಳಿಗ್ಗೆ ಹೊಟ್ಟೆಯೊಳಗೆ ಕೈ ಹಾಕಿದರೆ ಇನ್ನೂ ಮಂಜುಗಡ್ಡೆ. ಬೇರೆ ತರೋಣ ಅಂದರೆ 24ರ ಮಧ್ಯಾಹ್ನಕ್ಕೇ ಅಂಗಡಿ ಬಾಗಿಲು ಹಾಕಿದರೆ 25, 26 ಎರಡೂ ದಿನ ರಜೆ. ಹಾಗೇ ಓವನ್‌ಗೆ ಇಟ್ಟೆ. ಜಾಲರಿ ಇಡಲಿಲ್ಲ, ಟ್ರೇಗೆ ನೀರು ಹಾಕಲಿಲ್ಲ. ಒಂದು ಗಂಟೆಯಲ್ಲಿ ಕೊಬ್ಬು ಇಳಿದು ಟ್ರೇ ತುಂಬಿತು. ಮನೆಯೆಲ್ಲ ಹೊಗೆ, ಹೊಗೆ ಅಲಾರಂ ಕೂಗಿಕೊಂಡಿತು. ಹಕ್ಕಿ ತೆಗೆದು ನೋಡಿದರೆ ಚರ್ಮ ಕಪ್ಪು, ತೊಡೆ ಕೊಯ್ದರೆ ಕೆಂಪು ರಸ. ಊಟಕ್ಕೆ ನಾಲ್ಕು ಜನ ಕೂತಿದ್ದರು. ನನಗೆ ಅಳು ಬಂತು.

ಅಲಾರಂ ಕೇಳಿ ಮೇಲಿನ ಮನೆಯ ಅಜ್ಜಿ ಇಳಿದು ಬಂದರು. ಎಂಬತ್ತರ ಹತ್ತಿರದ ಹೆಂಗಸು. ಏನೂ ಕೇಳಲಿಲ್ಲ, ಕಿಟಕಿ ತೆಗೆದರು, ಚಾಕು ತಗೊಂಡರು. ತೊಡೆ ಎರಡನ್ನೂ ಬಿಡಿಸಿ, ಈರುಳ್ಳಿ, ನೀರು ಹಾಕಿ ಪಾತ್ರೆಯಲ್ಲಿ ಮುಚ್ಚಿ ಬೇಯಲು ಇಟ್ಟರು. ಸಂಜೆ ನಾಲ್ಕಕ್ಕೆ ಊಟ ಆಯಿತು. ಹೋಗುವಾಗ ಒಂದು ಮಾತು ಹೇಳಿದರು: "ಹೆಬ್ಬಾತು ಅಂದರೆ ಒಂದಲ್ಲ, ಎರಡು ಅಡುಗೆ. ಒಂದು ಮಾಂಸದ್ದು, ಇನ್ನೊಂದು ಕೊಬ್ಬಿನದು. ನೀನು ಒಂದನ್ನೇ ಮಾಡಲು ಹೋದೆ." ಮುಂದಿನ ವರ್ಷದಿಂದ ಅವರ ಜೊತೆ ನಿಂತು ಎರಡನ್ನೂ ಕಲಿತೆ.

ಕೊಳ್ಳುವ ಕೆಲಸ ಅಕ್ಟೋಬರ್ ಕೊನೆಗೇ ಶುರು. ಅಜ್ಜಿ ಹೋಗುವ ಮಾಂಸದಂಗಡಿಯಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ. ಹೆಸರು ಬರೆಸಿ, ಎಷ್ಟು ಜನ ಅಂತ ಹೇಳಿದರೆ ಅದಕ್ಕೆ ತಕ್ಕ ತೂಕದ ಹಕ್ಕಿ ಎತ್ತಿಡುತ್ತಾರೆ. ತೂಕ ನೋಡಿ ಮೋಸ ಹೋಗಬೇಡಿ. ಮೂಳೆ ಜಾಸ್ತಿ, ಕೊಬ್ಬು ಜಾಸ್ತಿ, ಮಾಂಸ ಕಡಿಮೆ. 5 ಕಿಲೋ ಹಕ್ಕಿ 6 ಜನಕ್ಕೆ ಸರಿಹೋಗುತ್ತದೆ. ಅದೇ ತೂಕದ ಟರ್ಕಿ ಕೋಳಿ ಇನ್ನೂ ಮೂರು ನಾಲ್ಕು ಜನಕ್ಕೆ ಬಡಿಸಬಹುದು.

ಬೆಲೆ ಜೋರು. ಅಲ್ಲೇ ಬಯಲಲ್ಲಿ ಮೇದು ಬೆಳೆದ ತಾಜಾ ಹೆಬ್ಬಾತಿಗೆ ನಾನು ಕಿಲೋಗೆ 15 ಯುರೋಗಿಂತ ಜಾಸ್ತಿಯೇ ಕೊಟ್ಟಿದ್ದೇನೆ. ಫ್ರೀಜರ್‌ನಲ್ಲಿ ಸಿಗುವುದು ಹೆಚ್ಚಾಗಿ ಪೋಲೆಂಡ್, ಹಂಗೇರಿಯಿಂದ ಬಂದದ್ದು, ತುಂಬಾ ಅಗ್ಗ. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಪೋಲೆಂಡಿನಲ್ಲಿ ಓಟ್ಸ್ ತಿನ್ನಿಸಿ ಬೆಳೆಸಿದ ಹೆಬ್ಬಾತು ಬಹಳ ಚೆನ್ನಾಗಿರುತ್ತದೆ. ಚೀಟಿಯ ಮೇಲೆ ಓಟ್ಸ್ ಮೇವಿನ ಹೆಬ್ಬಾತು ಅಂತ ಬರೆಯಬೇಕಾದರೆ ಕೊನೆಯ ಮೂರು ವಾರ ದಿನಕ್ಕೆ 500 ಗ್ರಾಂ ಆದರೂ ಓಟ್ಸ್ ತಿನ್ನಿಸಿರಬೇಕು ಅನ್ನುವುದು ಯುರೋಪಿನ ನಿಯಮ. ಆ ಚೀಟಿ ಓದಿ ತಗೊಳ್ಳಿ. ಫ್ರೀಜರ್ ಹಕ್ಕಿಯಾದರೆ ಫ್ರಿಜ್‌ನಲ್ಲೇ ಎರಡು ದಿನ ಪೂರ್ತಿ ಬಿಟ್ಟು ಕರಗಿಸಿ.

ತಾಜಾ ಹಕ್ಕಿಯನ್ನು ಮುಟ್ಟಿ ನೋಡಬೇಕು. ಅಜ್ಜಿ ಮೊದಲು ಎದೆಮೂಳೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಬಾಗಿದರೆ ಎಳೆಯದು. ಬಾಗದಿದ್ದರೆ ಬಲಿತದ್ದು, ಎಷ್ಟು ಹೊತ್ತು ಬೇಯಿಸಿದರೂ ನಾರು. ಚರ್ಮ ಒಣಗಿರಬೇಕು, ಕೆನೆ ಬಣ್ಣ ಇರಬೇಕು, ಹರಿದಿರಬಾರದು.

ಈಗ ಅಡುಗೆ. ಹಿಂದಿನ ದಿನವೇ ಅರ್ಧ ಕೆಲಸ ಮುಗಿಯಬೇಕು. ಹೊಟ್ಟೆಯೊಳಗಿಂದ ಕತ್ತು, ಗುಂಡಿಗೆ, ಲಿವರ್ ತೆಗೆಯಿರಿ. ಹೊಟ್ಟೆ ಸೀಳಿದ ಬಾಯಿಯ ಹತ್ತಿರವೇ ಎರಡು ದೊಡ್ಡ ಮುದ್ದೆ ಕೊಬ್ಬು ಅಂಟಿರುತ್ತದೆ. ನೋಡಲು ಆಗ ತಾನೇ ಕಡೆದ ಬೆಣ್ಣೆಯ ಹಾಗೆ. ಅದನ್ನು ಕೈಯಲ್ಲೇ ಎಳೆದು ಬೇರೆ ಇಡಿ. ಆಮೇಲೆ ದಪ್ಪ ಸೂಜಿಯಿಂದ ಚರ್ಮಕ್ಕೆ ಚುಚ್ಚಬೇಕು. ಇಲ್ಲಿ ಅಜ್ಜಿಯ ಕೈ ನೋಡಬೇಕಿತ್ತು. ಸೂಜಿಯನ್ನು ನೆಟ್ಟಗೆ ಇಳಿಸುತ್ತಿರಲಿಲ್ಲ. ಓರೆಯಾಗಿ ಹಿಡಿದು ಚರ್ಮದ ಅಡಿಯಲ್ಲೇ ಹೋಗಿ ಬರುವ ಹಾಗೆ, ಹೊಲಿಗೆ ಹಾಕಿದಂತೆ. ಮಾಂಸಕ್ಕೆ ಚುಚ್ಚಿದರೆ ರಸ ಸೋರುತ್ತದೆ. ಚರ್ಮಕ್ಕೆ ಮಾತ್ರ ಚುಚ್ಚಿದರೆ ಕೊಬ್ಬಿಗೆ ದಾರಿ ಆಗುತ್ತದೆ. ತೊಡೆಯ ಸುತ್ತ, ರೆಕ್ಕೆಯ ಅಡಿ ಜಾಸ್ತಿ ಚುಚ್ಚಬೇಕು, ಕೊಬ್ಬು ಇರುವುದೇ ಅಲ್ಲಿ. ಚುಚ್ಚಿದ ಮೇಲೆ ಸಿಂಕಿನಲ್ಲಿ ಇಟ್ಟು ಕುದಿಯುವ ನೀರು ಸುರಿದರೆ ಚರ್ಮ ಬಿಗಿಯಾಗುತ್ತದೆ. ಒರೆಸಿ, ಒಳಗೂ ಹೊರಗೂ ಉಪ್ಪು ಸವರಿ, ಮುಚ್ಚದೆ ರಾತ್ರಿಯಿಡೀ ಫ್ರಿಜ್‌ನಲ್ಲಿ ಒಣಗಲು ಬಿಡಿ.

ಅವತ್ತೇ ಸಂಜೆ ಎರಡನೇ ಅಡುಗೆ. ತೆಗೆದಿಟ್ಟ ಕೊಬ್ಬನ್ನು ಸಣ್ಣಗೆ ಹೆಚ್ಚಿ, ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಇಡಬೇಕು. ಬೆಣ್ಣೆ ಕಾಯಿಸಿ ತುಪ್ಪ ಮಾಡುವವರಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ. ಮೊದಲು ಚಟಪಟ ಅನ್ನುತ್ತದೆ. ನೀರು ಆರಿದ ಮೇಲೆ ಸದ್ದು ಅಡಗುತ್ತದೆ. ತಿಳಿಯಾಗಿ ಹೊಂಬಣ್ಣಕ್ಕೆ ಬಂದಾಗ ಸೋಸಬೇಕು. ನಾನು ಮೊದಲ ಸಲ ಕಿವಿಗೊಟ್ಟು ಸದ್ದು ಅಡಗುವುದನ್ನೇ ಕಾದು ಒಲೆ ಆರಿಸಿದಾಗ ಅಜ್ಜಿ ನನ್ನ ಮುಖ ನೋಡಿ, "ಇದು ನಿನಗೆ ಯಾರು ಹೇಳಿಕೊಟ್ಟರು?" ಅಂದರು. "ನಮ್ಮಮ್ಮ, ತುಪ್ಪ ಕಾಯಿಸುವಾಗ" ಅಂದೆ. ಇದಕ್ಕೆ ಹೆಚ್ಚಿದ ಸೇಬು, ಈರುಳ್ಳಿ ಹಾಕಿ ಬಾಡಿಸಿ ಗಟ್ಟಿಯಾಗಲು ಬಿಟ್ಟರೆ ಗೆನ್ಸೆಶ್ಮಾಲ್ಟ್ಸ್. ರೈ ಬ್ರೆಡ್ಡಿಗೆ ಸವರಿ, ಮೇಲೆ ಉಪ್ಪು ಉದುರಿಸಿ ತಿನ್ನುತ್ತಾರೆ. ಚಳಿಯಲ್ಲಿ ಅದರ ರುಚಿಯೇ ಬೇರೆ.

ಹೊಟ್ಟೆಗೆ ತುಂಬಲು ಹುಳಿ ಸೇಬು, ಈರುಳ್ಳಿ, ಬೇಕಾದರೆ ಚೆಸ್ಟ್‌ನಟ್. ಜೊತೆಗೆ ಬೈಫೂಸ್ ಅನ್ನುವ ಒಣಗಿದ ಸೊಪ್ಪು ಒಂದೆರಡು ಕಡ್ಡಿ. ಜಿಡ್ಡಿನ ಊಟ ಅರಗಿಸುತ್ತದೆ ಅಂತ ಅಲ್ಲಿಯವರ ನಂಬಿಕೆ. ಅಜ್ಜಿ ಅದನ್ನು ಅಂಗೈಯಲ್ಲಿ ತಿಕ್ಕಿ ನನ್ನ ಮೂಗಿಗೆ ಹಿಡಿದಾಗ ಮೈ ಜುಂ ಅಂದಿತು. ಮಲ್ಲಿಗೆಯ ಜೊತೆ ಕಟ್ಟುತ್ತಾರಲ್ಲ, ನಮ್ಮ ದವನ, ಅದರದೇ ನೆನಪು. ಅಷ್ಟು ಸಿಹಿಯಿಲ್ಲ, ಸ್ವಲ್ಪ ಕಹಿ ಜಾಸ್ತಿ. ಆಮೇಲೆ ತಿಳಿಯಿತು, ಎರಡೂ ಒಂದೇ ಕುಲದ ಗಿಡಗಳು. ಆರ್ಟಿಮೀಸಿಯಾ ಅನ್ನುವ ಕುಲ.

ಹಬ್ಬದ ಬೆಳಿಗ್ಗೆ ಓವನ್ 180 ಡಿಗ್ರಿಗೆ ಕಾಯಿಸಿ. ಕೆಳಗೆ ಆಳವಾದ ಟ್ರೇ, ಅದರಲ್ಲಿ ಎರಡು ಲೋಟ ನೀರು. ನೀರಿದ್ದರೆ ಬಿದ್ದ ಕೊಬ್ಬು ಸುಟ್ಟು ಹೊಗೆಯಾಗುವುದಿಲ್ಲ. ಮೇಲೆ ಜಾಲರಿ, ಜಾಲರಿಯ ಮೇಲೆ ಹಕ್ಕಿ, ಎದೆ ಕೆಳಗೆ ಮಾಡಿ. ಒಂದು ಗಂಟೆ ಆದ ಮೇಲೆ ಮಗುಚಿ, ಉರಿಯನ್ನು 160ಕ್ಕೆ ಇಳಿಸಿ ಇನ್ನೂ ಎರಡೂವರೆ ಗಂಟೆ. ನಡುವೆ ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆದು, ಸೌಟಿನಿಂದ ಕೊಬ್ಬು ತೆಗೆದು ಸ್ಟೀಲ್ ಪಾತ್ರೆಗೆ ಹಾಕುತ್ತಿರಿ. ನೀರು ಆರಿದರೆ ಸ್ವಲ್ಪ ಬಿಸಿನೀರು ಹಾಕಿ. ಆಗ ಮುಖ ದೂರ ಇರಲಿ, ಸಿಡಿಯುತ್ತದೆ. ಒಂದು ಹಕ್ಕಿಯಿಂದ ಅರ್ಧ ಲೀಟರ್‌ಗೂ ಜಾಸ್ತಿ ಕೊಬ್ಬು ಇಳಿಯುತ್ತದೆ. ಕೊನೆಗೆ ಉಪ್ಪುನೀರನ್ನು ಚರ್ಮಕ್ಕೆ ಸವರಿ, 220 ಡಿಗ್ರಿಯಲ್ಲಿ ಕಾಲು ಗಂಟೆ. ಚರ್ಮ ಹಪ್ಪಳದ ಹಾಗೆ ಗರಿಗರಿ ಆಗುತ್ತದೆ. ತೊಡೆಯ ದಪ್ಪ ಜಾಗಕ್ಕೆ ಚಾಕು ಚುಚ್ಚಿದಾಗ ಬರುವ ರಸ ತಿಳಿಯಾಗಿದ್ದರೆ ಬೆಂದಿದೆ. ಕೂಡಲೇ ಕೊಯ್ಯಬೇಡಿ, ಅರ್ಧ ಗಂಟೆ ಹಾಗೇ ಬಿಡಿ.

ಜೊತೆಗೆ ಕೆಂಪು ಎಲೆಕೋಸಿನ ಪಲ್ಯ ಬೇಕೇ ಬೇಕು. ಹೆಬ್ಬಾತಿನ ಕೊಬ್ಬಿನಲ್ಲೇ ಈರುಳ್ಳಿ ಬಾಡಿಸಿ, ಸಣ್ಣಗೆ ಹೆಚ್ಚಿದ ಕೋಸು, ಸೇಬು, ಲವಂಗ, ವಿನೆಗರ್ ಹಾಕಿ ನಿಧಾನಕ್ಕೆ ಬೇಯಿಸಬೇಕು. ವಿನೆಗರ್ ಮರೆತರೆ ಕೋಸು ನೀಲಿಯಾಗುತ್ತದೆ, ಹುಳಿ ಬಿದ್ದರೆ ಮತ್ತೆ ಕೆಂಪು. ಯೇನಾ ಇರುವುದು ತುರಿಂಗಿಯಾ ಅನ್ನುವ ರಾಜ್ಯದಲ್ಲಿ. ಅಲ್ಲಿಯವರಿಗೆ ಕ್ಲೋಸೆ ಇಲ್ಲದ ಹಬ್ಬವೇ ಇಲ್ಲ. ಹಸಿ ಆಲೂಗಡ್ಡೆ ತುರಿದು ಹಿಂಡಿ, ಬೇಯಿಸಿದ ಆಲೂಗಡ್ಡೆಯ ಬಿಸಿ ಗಂಜಿಯನ್ನು ಸೇರಿಸಿ ಕಟ್ಟುವ ಉಂಡೆ. ನಡುವೆ ಹುರಿದ ಬ್ರೆಡ್ ಚೂರು. ರಾಗಿಮುದ್ದೆ ಉಂಡು ಬೆಳೆದ ನನಗೆ ಅದು ಮೊದಲ ತುತ್ತಿಗೇ ಒಗ್ಗಿತು. ಮುದ್ದೆಯ ಹಾಗೇ ಸಾರಿನಲ್ಲಿ ಅದ್ದಿ ತಿನ್ನುವುದು. ಆ ಸಾರು ಕತ್ತು, ಗುಂಡಿಗೆ ಹುರಿದು ಕುದಿಸಿದ್ದು.

ಉಳಿದ ಮೂಳೆಗೂಡನ್ನು ಎಸೆಯಬೇಡಿ. 26ಕ್ಕೆ ನಾನು ಅದನ್ನು ಶುಂಠಿ, ಬೆಳ್ಳುಳ್ಳಿ, ಜಜ್ಜಿದ ಮೆಣಸು ಹಾಕಿ ಕುದಿಸುತ್ತೇನೆ. ಎರಡು ಗಂಟೆ ಸಾಕು. ಅಜ್ಜಿಗೆ ಒಂದು ಲೋಟ ಮೇಲಕ್ಕೆ ಹೋಗುತ್ತದೆ. ಮೊದಲ ಸಲ ಕುಡಿದು ಕೆಮ್ಮಿದ್ದರು. ಈಗ ಅವರೇ ಕೇಳಿ ಕಳಿಸುತ್ತಾರೆ.

ಈ ವರ್ಷ ನಾನು ರಜೆಗೆ ಮೈಸೂರಿಗೆ ಬಂದಿದ್ದೇನೆ. ಅಜ್ಜಿ ಹಬ್ಬಕ್ಕೆ ಮಗಳ ಮನೆಗೆ ಹೋಗುತ್ತಾರೆ. ಹೊರಡುವ ಹಿಂದಿನ ದಿನ ದವನದ ಮಾತು ಮತ್ತೆ ಬಂತು. ಒಂದು ಕಡ್ಡಿಯಾದರೂ ತಂದುಕೊಡು, ಮೂಸಿ ನೋಡಬೇಕು ಅಂದರು. ನಿನ್ನೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಹತ್ತಿರ ಕೇಳಿದೆ. "ಇನ್ನೂ ಕಾಲ ಬಂದಿಲ್ಲಮ್ಮ, ಸ್ವಲ್ಪ ದಿನ ತಡೀರಿ" ಅಂದರು. ನಾನು ಹೊರಟ ಮೇಲೆ ಬಂದರೆ ಅಮ್ಮ ನೆರಳಲ್ಲಿ ಒಣಗಿಸಿ, ಲಕೋಟೆಯಲ್ಲಿ ಹಾಕಿ ಕಳಿಸುತ್ತೇನೆ ಅಂದಿದ್ದಾರೆ. ನಮಸ್ಕಾರ.